ಬೇವಿನ ಬೆಣೆ

ಆ ಸೇತುವೆಯನ್ನು ಕಂಡರೆ ಖಂಡಪ್ಪಗೌಡನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಬೇರೆಯವರ ಸೇತುವೆಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಅದು ಅವನದೇ ತೋಟದ ನಡುವೆ ಹರಿಯುವ ಹಳ್ಳಕ್ಕೆ ಅವನದೇ ವಂಶದ ಹಿರಿಯನೊಬ್ಬ ಸುರಪುರದ ಅರಸರ ಕಾಲದಲ್ಲಿ ಕಟ್ಟಿಸಿದ್ದು. ಮೂರು ಕಮಾನು, ಒಂದು ಗಾಡಿ ಹೋಗುವಷ್ಟು ಅಗಲ, ಎರಡೂ ಬದಿಗೆ ಮೊಳಕಾಲೆತ್ತರದ ಕಲ್ಲಿನ ಕಟ್ಟೆ. ಕಕ್ಕೇರಾ ಕಡೆಯಿಂದ ಬಂದ ನೆಂಟರು ಅದರ ಮುಂದೆ ನಿಂತು, "ಎಂಥಾ ಕಟ್ಟಡರೀ, ಒಂದು ಕಲ್ಲು ಅಲುಗಿಲ್ಲ ನೋಡ್ರಿ" ಎಂದು ಹೊಗಳುತ್ತಿದ್ದರು. ಹೌದು, ಅಲುಗಿಲ್ಲ. ಅವನ ಸಂಕಟವೇ ಅದು.

ನಾರಾಯಣಪುರದ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಇಳಿದು ಬಂದು ಕೆಲವು ವರ್ಷಗಳಾಗಿದ್ದವು. ಸುತ್ತಲಿನ ಸೀಮೆಯ ಬಣ್ಣವೇ ಬದಲಾಗಿತ್ತು. ನಿನ್ನೆ ಮೊನ್ನೆಯವರೆಗೆ ಸಜ್ಜೆ ಬಿತ್ತಿ ಆಕಾಶ ನೋಡುತ್ತಿದ್ದವರು ಈಗ ಭತ್ತದ ಗದ್ದೆಯಲ್ಲಿ ಮೊಳಕಾಲುದ್ದ ಕೆಸರಿನಲ್ಲಿ ನಿಂತು ನಗುತ್ತಿದ್ದರು. ಖಂಡಪ್ಪಗೌಡನ ಮನೆ ಮತ್ತು ಮಾವಿನ ಮರಗಳು ಹಳ್ಳದ ಈಚೆಗಿದ್ದವು, ಎರೆಹೊಲವೆಲ್ಲ ಆಚೆಗಿತ್ತು. ಕಾಲುವೆ ಹಾದುಹೋಗಿದ್ದು ಈಚೆ, ಗುಡ್ಡದ ಬುಡದಲ್ಲಿ. ಆಚೆ ದಂಡೆಯ ತಗ್ಗಿನ ಹೊಲದವರಿಗೆ ಬೇರೆ ಕಾಲುವೆಯಿಂದ ನೀರು ಸಿಕ್ಕಿತು. ಇವನ ಹೊಲ ಏರಿನ ಮೇಲಿತ್ತು, ಅಲ್ಲಿಂದ ನೀರು ಹತ್ತುತ್ತಿರಲಿಲ್ಲ. ಗುಡ್ಡದ ಬುಡದ ಕಾಲುವೆಯ ನೀರು ಹಳ್ಳ ದಾಟಿ ಬಂದರೆ ಮಾತ್ರ ಅವನ ಹೊಲಕ್ಕೆ ನೀರು.

ಹಳ್ಳ ದಾಟುವುದಕ್ಕೆ ಇದ್ದದ್ದು ಒಂದೇ ಜಾಗ. ಎರಡು ದಂಡೆಗಳೂ ಹತ್ತಿರ ಬಂದು, ಬುಡದಲ್ಲಿ ಗಟ್ಟಿ ಬಂಡೆ ಸಿಗುವ ಜಾಗ. ಖಂಡಪ್ಪನ ಹಿರಿಯರು ಮೂರ್ಖರಲ್ಲ, ಆ ಜಾಗದಲ್ಲಿಯೇ ಸೇತುವೆ ಕಟ್ಟಿಸಿದ್ದರು. ಸರಕಾರದವರು ಮೂರ್ಖರೋ ಅಲ್ಲವೋ, ಆ ಸೇತುವೆಯ ಪಕ್ಕ ಒಂದು ನೀಲಿ ಬೋರ್ಡು ನೆಟ್ಟಿದ್ದರು. ಇದು ಪುರಾತನ ಕಟ್ಟಡ, ಕೆಡವಬಾರದು, ಸುತ್ತ ಅಗೆಯಬಾರದು, ತಪ್ಪಿದರೆ ಶಿಕ್ಷೆ.

ಹೀಗಾಗಿ ಮದುವೆ ಮನೆಯಲ್ಲಿ ಕೂತು ಉಪವಾಸ ಮಾಡುವ ಪಾಡು ಅವನದು. ಸೋಮವಾರ ಸುರಪುರದ ಕಾಲುವೆ ಕಚೇರಿಯಲ್ಲಿ ರೈತರ ಅಹವಾಲು ಕೇಳುವ ದಿನ. ಖಂಡಪ್ಪಗೌಡ ಒಂದು ಸೋಮವಾರವನ್ನೂ ತಪ್ಪಿಸಿದವನಲ್ಲ. ಜ್ವರ ಬಂದರೂ ಹೋದ, ಮಾವ ತೀರಿಕೊಂಡ ವಾರವೂ ಹೋದ. ಬೆಳಗಿನ ಬಸ್ಸಿಗೆ ಹೋಗಿ ಕಚೇರಿಯ ಜಗುಲಿಯ ಬೆಂಚಿನ ಮೇಲೆ ಕೂತರೆ ಎದ್ದು ಬರುವುದು ಸಂಜೆಗೆ. ಅಲ್ಲಿನ ಜವಾನ ಅವನಿಗೆ ಕೇಳದೆಯೇ ನೀರು ತಂದು ಕೊಡುತ್ತಿದ್ದ. ಎಂಜಿನಿಯರ್ ಪಂಪಣ್ಣ, ಸಿಂಧನೂರು ಕಡೆಯ ಹುಡುಗ, ಒಳ್ಳೆಯವನೇ, ಪ್ರತಿ ಸಲವೂ ನಕ್ಷೆ ಬಿಡಿಸಿ ತೋರಿಸುತ್ತಿದ್ದ.

"ನೋಡ್ರಿ ಗೌಡ್ರ, ಇದು ಕಾಲುವಿ, ಇದು ನಿಮ್ಮ ಹೊಲ. ನಡಕ ಇದು ಸೇತುವಿ. ಅದು ನಿಂತಿರೋತನಕ ನಾ ಅಲ್ಲಿ ಒಂದು ಬುಟ್ಟಿ ಮಣ್ಣು ಹಾಕಂಗಿಲ್ಲ. ತಾನಾಗೇ ಬಿದ್ದು ಹೋಗಿದ್ರ ಮಾತು ಬ್ಯಾರೆ ಇತ್ತು."

"ಬೀಳಂಗಿಲ್ಲಲ್ರಿ ಅದು."

"ಹೌದ್ರಿ, ಬೀಳಂಗಿಲ್ಲ. ಆಗಿನ ಕಾಲದ ಸುಣ್ಣದ ಗಚ್ಚು" ಎಂದು ಪಂಪಣ್ಣ ಮೆಚ್ಚಿಕೊಂಡು ನಕ್ಷೆ ಸುತ್ತುತ್ತಿದ್ದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಖಂಡಪ್ಪ ಕೇಳಿದ್ದ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಸತ್ತುಹೋದ ಮುತ್ತಜ್ಜ ಅಡ್ಡ ನಿಂತಿದ್ದ. ಸಿಟ್ಟು ಯಾರ ಮೇಲೆ ತೀರಿಸುವುದು? ಆದರೆ ತಾನಾಗೇ ಬಿದ್ದರೆ ಎಂಬ ಆ ಮಾತು ಮಾತ್ರ ಬಸ್ಸಿನಲ್ಲಿ ಅವನ ಪಕ್ಕವೇ ಕೂತು ಮನೆಗೆ ಬಂತು.

ಖಂಡಪ್ಪಗೌಡ ಹೊಲ ಉಳುತ್ತ ಬೆಳೆದವನಲ್ಲ. ಚಿಕ್ಕಂದಿನಲ್ಲೇ ಹೈದರಾಬಾದಿನ ಸೋದರಮಾವನ ಮನೆ ಸೇರಿ, ಅಲ್ಲೇ ಓದಿ, ಅಲ್ಲಿನ ಒಂದು ಗಿರಣಿಯಲ್ಲಿ ಉಗ್ರಾಣದ ಮೇಲ್ವಿಚಾರಕನಾಗಿ ತಲೆ ನರೆಸಿಕೊಂಡವನು. ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಬಂದ. ಬಂದವನೇ ದನಗಳನ್ನು ಮಾರಿ ಬಾಡಿಗೆ ಟ್ರ್ಯಾಕ್ಟರ್ ಹಿಡಿದ. ಉಗ್ರಾಣದಲ್ಲಿ ಅವನು ಕಲಿತದ್ದು ಒಂದೇ: ಯಾವ ವಸ್ತು ಎಲ್ಲಿ, ಯಾರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ, ಇವೆಲ್ಲ ಗೊತ್ತಿದ್ದರೆ ಕಳ್ಳತನ ಹಿಡಿಯಬಹುದು. ಹಿಡಿಯಬಲ್ಲವನು ಮಾಡಲೂ ಬಲ್ಲ ಎಂದು ಈಗ ಅವನಿಗೆ ಹೊಳೆಯಿತು. ತನ್ನ ಬುದ್ಧಿಯ ಮೇಲೆ ಅವನಿಗೆ ಬಹಳ ವಿಶ್ವಾಸವಿತ್ತು.

ಮೊದಲು ಅವನು ಮಾಡಿದ್ದು ಸೇತುವೆಯನ್ನು ಪ್ರೀತಿಸತೊಡಗಿದ್ದು.

ಸೇತುವೆಯ ಮೇಲೆ ಆಗ ಕಲ್ಲಿನ ಗಾಡಿಗಳು ಓಡಾಡುತ್ತಿದ್ದವು. ಕಾಲುವೆಯ ಒಡ್ಡಿಗೆ ಕಲ್ಲು ಹಾಸುವ ಕೆಲಸ ಆಚೆ ದಂಡೆಯಲ್ಲಿ ನಡೆದಿತ್ತು, ಕಲ್ಲು ಒಡೆಯುವ ಗುಡ್ಡ ಈಚೆಗಿತ್ತು. ಗುತ್ತಿಗೆದಾರ ಮೊದಲು ಲಾರಿ ತಂದಿದ್ದ. ಖಂಡಪ್ಪಗೌಡ ಕೂಡಲೇ ಅರ್ಜಿ ಬರೆದ: ನಮ್ಮ ಹಿರಿಯರ ಸೇತುವೆಗೆ ಧಕ್ಕೆಯಾಗುತ್ತಿದೆ, ಲಾರಿ ನಿಲ್ಲಿಸಬೇಕು. ಲಾರಿ ನಿಂತಿತು. ಗುತ್ತಿಗೆದಾರ ಊರಿನವರ ಎತ್ತಿನ ಗಾಡಿಗಳನ್ನು ಬಾಡಿಗೆಗೆ ಹಿಡಿದ. ಖಂಡಪ್ಪ ಮತ್ತೆ ಬರೆದ: ಗಾಡಿಗಳಿಗೂ ಮಿತಿಮೀರಿ ಕಲ್ಲು ಹೇರುತ್ತಿದ್ದಾರೆ, ನಡುವಿನ ಕಮಾನು ನಡುಗುತ್ತಿದೆ, ನಾಳೆ ಅನಾಹುತವಾದರೆ ಯಾರು ಹೊಣೆ? ಇದಕ್ಕೆ ಉತ್ತರ ಬರಲಿಲ್ಲ. ಬರುವುದು ಅವನಿಗೆ ಬೇಕೂ ಇರಲಿಲ್ಲ. ನಾಳೆ ಅನಾಹುತವಾದಾಗ 'ನಾನು ಮೊದಲೇ ಬಡಕೊಂಡಿದ್ದೆ' ಎನ್ನಲು ಅರ್ಜಿ ಇದ್ದರೆ ಸಾಕಾಗಿತ್ತು.

ಮೂರನೆಯ ಅರ್ಜಿಯಲ್ಲಿ ಒಂದು ವಿನಂತಿ ಇತ್ತು. ಕಮಾನಿನ ಸಂದುಗಳಲ್ಲಿ ಅರಳಿ, ಆಲದ ಗಿಡಗಳು ಬೇರು ಬಿಟ್ಟಿವೆ, ಅವನ್ನು ನನ್ನ ಸ್ವಂತ ಶ್ರಮದಿಂದ ಕಿತ್ತು ತೆಗೆಯಲು ಅಪ್ಪಣೆ ಕೊಡಬೇಕು. ಇಂಥ ಪುಕ್ಕಟೆ ಸೇವೆಗೆ ಯಾವ ಕಚೇರಿ ಬೇಡವೆನ್ನುತ್ತದೆ? ಅಪ್ಪಣೆ ಬಂತು, ಮೇಲೆ ನಾಲ್ಕು ಮೆಚ್ಚುಗೆಯ ಮಾತೂ ಬಂದವು. ಹೀಗೆ ಖಂಡಪ್ಪಗೌಡ ಹಾರೆ, ಉಳಿ, ಸುತ್ತಿಗೆ ಹಿಡಿದು ಹಾಡುಹಗಲು ಸರಕಾರದ ಅಪ್ಪಣೆಯ ಮೇರೆಗೆ ನಡುವಿನ ಕಮಾನಿನ ಕೆಳಗೆ ನಿಂತ.

ಕಮಾನು ಎಂದರೆ ಏನು? ಒಂದರ ಹೆಗಲ ಮೇಲೆ ಒಂದು ಒರಗಿ ನಿಂತ ಕಲ್ಲುಗಳು. ನೆತ್ತಿಯ ಸಾಲು ಎರಡೂ ಕಡೆಯ ಕಲ್ಲುಗಳನ್ನು ಒತ್ತಿ ಹಿಡಿದಿರುತ್ತದೆ. ಆ ಸಾಲಿನ ಸಂದಿನ ಗಚ್ಚನ್ನು ಅವನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದ. ಕಾಲುವೆ ಬಂದ ಮೇಲೆ ಹಳ್ಳ ವರ್ಷವಿಡೀ ಒಸರುತ್ತಿತ್ತು, ತೇವ ಹಿಡಿದ ಸುಣ್ಣ ಉಳಿಗೆ ಸುಲಭವಾಗಿ ಬರುತ್ತಿತ್ತು. ತೆಗೆದಷ್ಟು ಜಾಗಕ್ಕೆ ಬೇವಿನ ಬೆಣೆ ಕೆತ್ತಿ ಬಡಿದು ಕೂಡಿಸಿ, ಮೇಲೆ ಸುಣ್ಣ ಕಲಸಿದ ಮಣ್ಣು ಮೆತ್ತಿದ. ಬೇವು ಏಕೆಂದರೆ ಅದು ನೀರಿನಲ್ಲಿ ತೇಲುತ್ತದೆ. ಕಮಾನು ಕುಸಿದ ಮೇಲೆ ಬೆಣೆಗಳು ಹಳ್ಳ ಹಿಡಿದು ಕೃಷ್ಣೆಗೆ ಹೋಗಿ ಸೇರುತ್ತವೆ. ಕಲ್ಲಿನ ರಾಶಿಯಲ್ಲಿ ಮನುಷ್ಯನ ಕೈ ಕಾಣುವುದಿಲ್ಲ. ಇದನ್ನು ಯೋಚಿಸಿದ ದಿನ ಅವನು ಒಬ್ಬನೇ ನಕ್ಕಿದ್ದ.

"ಗೌಡ್ರ, ಸೇತುವಿ ಹೊಟ್ಯಾಗ ಏನ್ ಹುಡಕಾಕತ್ತೀರಿ?" ಎಂದು ಮೇಲಿನಿಂದ ಒಂದು ದಿನ ಯಾರೋ ಕೂಗಿದರು. ದ್ಯಾವಪ್ಪ. ಕಲ್ಲಿನ ಗಾಡಿಗಳಲ್ಲಿ ಮೊದಲನೆಯದು ಯಾವಾಗಲೂ ಅವನದೇ. ಕೊಂಬಿಗೆ ಬಣ್ಣ ಬಳಿದ ಎರಡು ಬಿಳಿ ಎತ್ತು, ಅವುಗಳಿಗಿಂತ ಜೋರಾಗಿ ಮಾತಾಡುವ ಅವನು.

"ಆಲದ ಬೇರೋ ಮಾರಾಯ. ಕಲ್ಲು ಸಡಿಲ ಮಾಡಾಕತ್ತಾವ."

"ನೀವು ಇದ್ದೀರಿ ಅಂತ ನಾವು ಧೈರ್ಯಲೆ ದಾಟ್ತೀವ್ರಿ. ಇಲ್ಲಂದ್ರ ಈ ಹಳೇ ಮುದುಕಿ ಬೆನ್ನ ಮ್ಯಾಲ ಇಷ್ಟು ಭಾರ ಯಾರು ಹಾಕ್ತಾರ?"

"ಭಾರ ಸ್ವಲ್ಪ ಕಡಿಮಿ ಹೇರೋ."

"ನಾ ಹೇಳಿದ್ರ ಗುತ್ತಿಗಿಯವ ಕೇಳ್ತಾನೇನ್ರಿ? ನೀವು ದೊಡ್ಡವರು, ನೀವೇ ಬರೀರಿ" ಎಂದು ದ್ಯಾವಪ್ಪ ನಗುತ್ತ ಎತ್ತುಗಳನ್ನು ಹೊಡೆದುಕೊಂಡು ಹೋದ. ಗಾಡಿ ನೆತ್ತಿಯ ಮೇಲೆ ಹಾಯುವಾಗ ಕಲ್ಲುಗಳು ಒಂದನ್ನೊಂದು ತಿಕ್ಕಿದ ಸದ್ದು ಖಂಡಪ್ಪನ ಅಂಗೈಗೆ ತಿಳಿಯಿತು. ಗಾಡಿ ಕುಸಿದರೆ ದ್ಯಾವಪ್ಪನ ಗತಿ ಏನು ಎಂಬ ಪ್ರಶ್ನೆ ಅವನಿಗೆ ಬಂದಿರಲಿಲ್ಲ ಎನ್ನುವಂತಿಲ್ಲ. ಬಂದಿತ್ತು. ಹಳ್ಳ ಆಳವಿಲ್ಲ, ಜಿಗಿದು ಪಾರಾದಾನು, ಕೈಯೋ ಕಾಲೋ ಮುರಿದೀತು ಎಂದು ಅದಕ್ಕೊಂದು ಉತ್ತರ ಕೊಟ್ಟು ಕಳಿಸಿದ್ದ. ಮೇಲೆ ಬಂಡೆಗಲ್ಲು ಬಿದ್ದ ಮನುಷ್ಯ ಹೇಗೆ ಜಿಗಿದು ಪಾರಾಗುತ್ತಾನೆ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಮನೆಯಲ್ಲಿ ಹೆಂಡತಿ ದೇವಕಮ್ಮನಿಗೆ ಬೇರೆಯೇ ಚಿಂತೆ. ಸುಣ್ಣ ಮೆತ್ತಿದ ಅಂಗಿ ಒಗೆದು ಒಗೆದು ಅವಳ ಕೈ ಸೋತಿತ್ತು.

"ನಿಮಗ ನೀರು ಬರದಂಗ ಮಾಡಿದ್ದ ಆ ಸೇತುವಿ. ಅದಕ್ಕೇ ಹೋಗಿ ಸೇವಾ ಮಾಡಾಕತ್ತೀರಲ್ರಿ. ಏನು ಬಂದಾದ ನಿಮಗ?"

"ಹಿರೇರು ಕಟ್ಟಿಸಿದ್ದು. ಅಭಿಮಾನ ಬ್ಯಾಡೇನು?"

"ಹಿಂದಕ ಅದಕ್ಕ ಹಿಡಿಶಾಪ ಹಾಕ್ತಿದ್ರಿ."

"ಆಗ ಬುದ್ಧಿ ಇರಲಿಲ್ಲ" ಎಂದ ಖಂಡಪ್ಪ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ರೊಟ್ಟಿ ತಟ್ಟಲು ಹೋದಳು. ಹೆಂಡತಿಗೂ ಹೇಳದ ಗುಟ್ಟೇ ಗುಟ್ಟು ಎಂದು ಅವನು ತನ್ನನ್ನು ಮೆಚ್ಚಿಕೊಂಡ.

ಇನ್ನು ದಿನ ಗೊತ್ತುಮಾಡಬೇಕಿತ್ತು. ದಿನದ ವಿಷಯದಲ್ಲಿ ಅವನಿಗೆ ಸಂಶಯವೇ ಇರಲಿಲ್ಲ, ಸೋಮವಾರವೇ ಆಗಬೇಕು. ಸೋಮವಾರ ಅವನು ಎಲ್ಲಿರುತ್ತಾನೆ ಎಂಬುದು ಸುರಪುರಕ್ಕೆಲ್ಲ ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಕಚೇರಿಯ ಬೆಂಚಿನ ಮೇಲೆ, ಜವಾನನ ಕಣ್ಣೆದುರು, ಎಂಜಿನಿಯರನ ಕಣ್ಣೆದುರು. ಸೇತುವೆ ಬಿದ್ದ ಹೊತ್ತಿನಲ್ಲಿ ಅವನು ಹನ್ನೆರಡು ಹರದಾರಿ ಆಚೆಗಿದ್ದ ಎಂದು ಸರಕಾರವೇ ಸಾಕ್ಷಿ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಕಾಸು ಕೊಟ್ಟರೂ ಸಿಗುವುದಿಲ್ಲ.

ಗಾಡಿಗಳ ಲೆಕ್ಕವೂ ಸರಿಹೊಂದಿತ್ತು. ಉಗ್ರಾಣದ ಮೇಲ್ವಿಚಾರಕನ ಕಣ್ಣಿನಿಂದ ಅವನು ಅವುಗಳನ್ನು ವಾರಗಟ್ಟಲೆ ಗಮನಿಸಿದ್ದ. ಹೊತ್ತು ಮಾರುದ್ದ ಏರಿತೆಂದರೆ ಮೊದಲ ಗಾಡಿ ಗುಡ್ಡ ಇಳಿಯುತ್ತದೆ, ಅದರ ಹಿಂದೆ ಉಳಿದವು. ಮಂಗಳವಾರ ನೋಡಿದ, ಗುರುವಾರ ನೋಡಿದ, ಶುಕ್ರವಾರ ನೋಡಿದ, ಸ್ವಲ್ಪವೂ ಹೆಚ್ಚುಕಡಿಮೆ ಇಲ್ಲ. ರಜೆಯೇನಾದರೂ ಉಂಟೋ ಎಂದು ಭಾನುವಾರ ಬೇಕಂತಲೇ ಮಾವಿನ ಮರದಡಿ ಕೂತು ಕಾದ. ಭಾನುವಾರವೂ ಗಾಡಿಗಳು ಬಂದವು. ಗಿರಣಿಯಲ್ಲಿ ಕೂಲಿಯವರಿಗೂ ಭಾನುವಾರ ಬಿಡುವಿತ್ತು, ಇವರಿಗೆ ಅದೂ ಇಲ್ಲ, ಹಣದ ಮುಂದೆ ಯಾವ ರಜೆ ಎಂದು ಅವನು ಕನಿಕರದಿಂದ ತಲೆ ಆಡಿಸಿದ. ಒಂದು ದಿನವೂ ಬಿಡುವಿಲ್ಲದ ಗಾಡಿಗಳು ಎಂದು ಮನಸ್ಸಿನಲ್ಲೇ ಬರೆದುಕೊಂಡ.

ಕೊನೆಯ ಕೆಲಸ ಭಾನುವಾರ ಮಧ್ಯಾಹ್ನ, ಕಡೆಯ ಗಾಡಿ ದಾಟಿ ಹೋದ ಮೇಲೆ. ನೆತ್ತಿಯ ಸಾಲಿನಲ್ಲಿ ಉಳಿದಿದ್ದ ಗಚ್ಚನ್ನೆಲ್ಲ ತೆಗೆದ. ಹಳೆಯ ಬೆಣೆಗಳನ್ನು ಸಡಿಲಿಸಿ, ತೆಳ್ಳಗಿನ ಹೊಸ ಬೆಣೆಗಳನ್ನು ಕೂಡಿಸಿದ. ಮನುಷ್ಯರ ತೂಕ, ಕುರಿಯ ತೂಕ ತಡೆಯಬೇಕು, ಕಲ್ಲಿನ ಗಾಡಿಯ ತೂಕ ತಡೆಯಬಾರದು. ಮೇಲೆ ಬಂದು, ನೆತ್ತಿಗೆ ಸರಿಯಾಗಿ, ಗಾಡಿಯ ಗಾಲಿ ಹಾಯುವ ಜಾಡಿನಲ್ಲಿ ಒಂದು ಹಾಸುಗಲ್ಲನ್ನು ಮೀಟಿ ತೆಗೆದು ಕುಳಿ ಮಾಡಿದ. ಕಾಲ್ನಡಿಗೆಯವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಕಬ್ಬಿಣದ ಪಟ್ಟಿ ಕಟ್ಟಿದ ಗಾಲಿ ಅದರಲ್ಲಿ ಧಡ್ ಎಂದು ಇಳಿದರೆ ಆ ಪೆಟ್ಟಿಗೆ ಬೆಣೆಗಳು ಹಾರುತ್ತವೆ. ಬೆಣೆಗಳ ಮೇಲೆ ಈ ಸಲ ಸುಣ್ಣ ಮಣ್ಣು ಮೆತ್ತುವ ಗೋಜಿಗೆ ಅವನು ಹೋಗಲಿಲ್ಲ. ನಾಳೆ ಬೀಳುವ ಕಮಾನಿಗೆ ಸಿಂಗಾರ ಯಾಕೆ? ಇಷ್ಟು ದಿನದಲ್ಲಿ ಅದರ ಕೆಳಗೆ ಅವನನ್ನು ಬಿಟ್ಟು ಒಂದು ನರಪಿಳ್ಳೆಯೂ ಬಂದದ್ದನ್ನು ಅವನು ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಸೇತುವೆಯ ಮೇಲೆಯೇ ನಡೆದು ಆಚೆಯ ರಸ್ತೆಗೆ ಬಸ್ಸು ಹಿಡಿಯಲು ಹೋದ. ಕಾಲ ಕೆಳಗೆ ಅದು ಗಟ್ಟಿಯಾಗಿಯೇ ಇತ್ತು. ಕುಳಿಯನ್ನು ದಾಟುವಾಗ ಒಂದು ಕ್ಷಣ ನಿಂತು ಕಟ್ಟೆಯ ಕಲ್ಲಿನ ಮೇಲೆ ಕೈಯಿಟ್ಟ. ಎಷ್ಟು ವರ್ಷ ಕಾಡಿದೆಯಲ್ಲ, ಇವತ್ತಿಗೆ ನಿನ್ನ ಋಣ ತೀರಿತು ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ, ಹೊಲದ ತುಂಬ ನೀರು ನಿಂತ ಹಾಗೆ ಕಾಣುತ್ತಿತ್ತು.

ಕಚೇರಿಯಲ್ಲಿ ಬೆಂಚು ಅವನಿಗಾಗಿಯೇ ಖಾಲಿಯಿತ್ತು. ಜವಾನ ನೀರು ಕೊಟ್ಟ. ಖಂಡಪ್ಪಗೌಡ ಬೇಕಂತಲೇ ಎಲ್ಲರನ್ನೂ ಮಾತಾಡಿಸಿದ, ಎದ್ದು ಹೋಗಿ ಎದುರಿನ ಮಮ್ತಾಜಳ ಅಂಗಡಿಯಲ್ಲಿ ಚಹಾ ಕುಡಿದು, ಗಡಿಯಾರ ನಿಂತಿದೆಯಲ್ಲ ಎಂದು ಅವಳನ್ನು ರೇಗಿಸಿ ಬಂದ. ಇಂಥ ದಿನ ಇಷ್ಟು ಹೊತ್ತಿಗೆ ಗೌಡರು ಇಲ್ಲಿದ್ದರು ಎಂದು ಅವಳಿಗೂ ನೆನಪಿರಲಿ. ಹೊತ್ತು ಏರಿತು. ಗಾಡಿಗಳು ಈಗ ಗುಡ್ಡ ಇಳಿದಿರಬೇಕು. ಈಗ ದಾಟುತ್ತಿರಬೇಕು. ಈಗ ಯಾರೋ ಸೈಕಲ್ಲೇರಿ ಕಕ್ಕೇರಾಕ್ಕೆ ಓಡಿರಬೇಕು, ಅಲ್ಲಿಂದ ಫೋನು ಬರಬೇಕು. 'ಅಯ್ಯೋ, ನಮ್ಮ ಹಿರೇರ ಸೇತುವಿ' ಎಂದು ಎದೆ ಹಿಡಿದುಕೊಂಡು ಕೂರುವುದನ್ನು ಅವನು ಮನಸ್ಸಿನಲ್ಲಿ ಅಭ್ಯಾಸ ಮಾಡಿಟ್ಟುಕೊಂಡಿದ್ದ. ಆದರೆ ಫೋನು ಬರಲಿಲ್ಲ. ಊಟದ ಹೊತ್ತಾಯಿತು, ಆಗಲೂ ಬರಲಿಲ್ಲ. ಒಂದು ಸುದ್ದಿ ಮುಟ್ಟಿಸಲೂ ಈ ಜನಕ್ಕೆ ಬರುವುದಿಲ್ಲ ಎಂದು ಅವನಿಗೆ ಕಿರಿಕಿರಿಯಾಯಿತು.

ಬಾಗಿಲು ತೆಗೆದು ಹೊರಬಂದವನು ಪಂಪಣ್ಣ. ಮುಖದ ತುಂಬ ನಗು.

"ಗೌಡ್ರ, ಏಳ್ರಿ, ಜೀಪು ಹತ್ರಿ. ನಿಮ್ಮ ಕೆಲಸ ಆತು."

ಖಂಡಪ್ಪನಿಗೆ ತಿಳಿಯಲಿಲ್ಲ. "ಏನಾತ್ರಿ?"

"ನೀರು ಮಂಜೂರು ಆತ್ರಿ! ಮ್ಯಾಲಿನ ಸಾಹೇಬ್ರು ನಿಮ್ಮ ಅರ್ಜಿ ಎಲ್ಲಾ ಓದಿದ್ರು. ಇಷ್ಟು ಮುತುವರ್ಜಿಲೆ ಸೇತುವಿ ಕಾಯೋ ಮನುಷ್ಯಾ ಇದ್ದಾನ, ಅವನ ಹೊಲನೇ ಒಣಗಾಕತ್ತದ ಅಂದ್ರ ನಮಗ ನಾಚಿಕಿ ಅಂದ್ರು. ಸೇತುವಿಗಿ ಕೈ ಹಚ್ಚೂದು ಬ್ಯಾಡ, ಅದರ ಕಟ್ಟಿ ಗುಂಟ ದೊಡ್ಡ ಪೈಪು ಹಾಯಿಸಿ ನೀರು ಒಯ್ಯೋಣ ಅಂತ ಬರದಾರ. ಸೇತುವಿ ಅಷ್ಟು ಗಟ್ಟಿ ಇರೋದಕ್ಕ ಇದು ಆತ್ರಿ. ಇಲ್ಲಂದ್ರ ಹೊಸಾ ಕಟ್ಟಡಕ್ಕ ನಮ್ಮ ಜಲಮಕ್ಕೂ ಮಂಜೂರಿ ಸಿಗ್ತಿರಲಿಲ್ಲ."

 ಏಳಲು ಹೋದ ಖಂಡಪ್ಪಗೌಡ ಮತ್ತೆ ಬೆಂಚಿನ ಮೇಲೆ ಕೂತ. ಸಂತೋಷಕ್ಕೆ ಹೀಗಾಗಿದೆ ಎಂದು ಪಂಪಣ್ಣ ಜವಾನನಿಗೆ ನೀರು ತರಲು ಹೇಳಿದ.

ಜೀಪು ಹೊರಟಿತು. ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳು, ಗದ್ದೆಗಳಲ್ಲಿ ನೀರು. ಇಷ್ಟು ವರ್ಷ ಬೇಡಿ ಬೇಡಿ ಸಿಗದ ನೀರು ಕೊನೆಗೂ ಅವನ ಹೆಸರಿಗೆ ಬಂದಿತ್ತು, ಆ ನೀರು ಹಾಯುವ ದಾರಿಯನ್ನು ಅವನು ನಿನ್ನೆ ಮಧ್ಯಾಹ್ನ ತನ್ನ ಕೈಯಾರೆ ಕೆರೆದು ಮುಗಿಸಿದ್ದ. ಕಣ್ಣೀರು ಬಂತು. ಮುತ್ತಜ್ಜನ ಮೇಲೆ, ಸರಕಾರದ ಮೇಲೆ, ಒಂದು ವಾರ ಮೊದಲು ಬಾಯಿ ಬಿಡದ ಈ ಪಂಪಣ್ಣನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ತನ್ನ ಮೇಲೆ ಮಾತ್ರ ಬರಲಿಲ್ಲ. ಕಲ್ಲಿನಡಿ ಬಿದ್ದಿರಬಹುದಾದ ದ್ಯಾವಪ್ಪನ ನೆನಪಂತೂ ದಾರಿಯುದ್ದಕ್ಕೂ ಒಮ್ಮೆಯೂ ಸುಳಿಯಲಿಲ್ಲ. ಗಾಡಿಗಳು ಇವತ್ತು ತಡವಾಗಿರಲಿ, ಒಂದು ಅಚ್ಚು ಮುರಿದಿರಲಿ, ಗುತ್ತಿಗೆದಾರನಿಗೆ ಬೇನೆ ಬಂದಿರಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತ.

ಹಳ್ಳಕ್ಕೆ ಮುಂಚಿನ ಕೊನೆಯ ತಿರುವು ದಾಟಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಏನ್ ಚಂದ ನಿಂತದ ನೋಡ್ರಿ ಗೌಡ್ರ" ಎಂದ ಪಂಪಣ್ಣ.

ಕಣ್ಣು ತೆರೆದ. ಸೇತುವೆ ನಿಂತಿತ್ತು. ಮೂರೂ ಕಮಾನು, ಒಂದು ಕಲ್ಲೂ ಅಲುಗದೆ, ಇಳಿಬಿಸಿಲಿನಲ್ಲಿ ನೆಟ್ಟಗೆ ನಿಂತಿತ್ತು. ಖಂಡಪ್ಪಗೌಡ ಜೀವಮಾನದಲ್ಲಿ ಮೊದಲ ಸಲ ಅದನ್ನು ಕಂಡು ಹಿಗ್ಗಿದ. ಪಂಪಣ್ಣನ ಕೈ ಹಿಡಿದು ಚಿಕ್ಕ ಹುಡುಗನ ಹಾಗೆ ನಕ್ಕುಬಿಟ್ಟ. ಮರುಗಳಿಗೆಯಲ್ಲೇ ಅವನ ಬುದ್ಧಿ ಕೆಲಸಕ್ಕೆ ತೊಡಗಿತು. ಜೀಪನ್ನು ಈ ದಂಡೆಯಲ್ಲೇ ನಿಲ್ಲಿಸಬೇಕು, ಪೈಪಿನ ಅಳತೆ ಮುಗಿಯುವವರೆಗೆ ಗಾಡಿ ಬಿಡಬೇಡಿ ಎಂದು ಪಂಪಣ್ಣನಿಂದಲೇ ಹೇಳಿಸಬೇಕು, ನಾಳೆಯೇ ಹೊಸ ಗಚ್ಚು ಕಲಸಿ ನೆತ್ತಿಯ ಸಾಲಿಗೆ ತುಂಬಿಬಿಡಬೇಕು. ಗಿಡ ಕೀಳುವ ಅಪ್ಪಣೆ ಇನ್ನೂ ಕೈಯಲ್ಲಿದೆ, ಯಾರು ಕೇಳುತ್ತಾರೆ? ಕೆಡವಲು ಮಾಡಿದ ಕೆಲಸವನ್ನೇ ಉಳಿಸಲು ಮಾಡಿದರಾಯಿತು. ಎಂಥ ತಲೆ ತನ್ನದು ಎಂದು ಆ ಅವಸರದಲ್ಲೂ ಅವನಿಗೆ ಅನ್ನಿಸದಿರಲಿಲ್ಲ.

"ಇಲ್ಲೇ ನಿಲ್ಲಸ್ರಿ, ನಡಕೋತ ಹೋಗಿ ನೋಡೋಣ" ಎಂದ. ಜೀಪು ನಿಂತಿತು. ಇಳಿದಾಗ ಹಳ್ಳದ ಕಡೆಯಿಂದ ಜನರ ಸದ್ದು ಕೇಳಿಸಿತು, ಗಂಟೆಗಳ ಸದ್ದೂ ಕೇಳಿಸಿತು. ದಂಡೆಗೆ ಬಂದು ಕೆಳಗೆ ಬಗ್ಗಿದರೆ ನೀರಿನಲ್ಲಿ ಎತ್ತುಗಳೋ ಎತ್ತುಗಳು. ಕಲ್ಲು ಹೊರುವ ಎತ್ತುಗಳೆಲ್ಲ ಅಲ್ಲಿದ್ದವು, ಕೊರಳಿಗೆ ಹಗ್ಗ, ಗಂಟೆ ಬಿಟ್ಟರೆ ಬೇರೇನೂ ಇಲ್ಲ. ಗಾಡಿಯವರೆಲ್ಲ ನಡುವಿನ ಕಮಾನಿನ ನೆರಳಿನಲ್ಲಿ ಗುಂಪು ಕಟ್ಟಿ ನಿಂತು ಕುತ್ತಿಗೆ ಎತ್ತಿ ನೆತ್ತಿಯನ್ನೇ ನೋಡುತ್ತಿದ್ದರು.

"ಗಾಡಿ... ಗಾಡಿ ಯಾಕ ಹೂಡಿಲ್ಲೋ ದ್ಯಾವಪ್ಪಾ ಇವತ್ತು?" ಖಂಡಪ್ಪಗೌಡ ಪಂಪಣ್ಣನ ಜೊತೆ ದಂಡೆ ಇಳಿಯುತ್ತಲೇ ಕೂಗಿ ಕೇಳಿದ.

"ಇದೇನ್ರಿ ಗೌಡ್ರ ಹಿಂಗ ಕೇಳ್ತೀರಿ? ಸೋಮವಾರ ಅಲ್ಲೇನ್ರಿ ಇವತ್ತು, ಬಸವಣ್ಣನ ವಾರ. ಈ ಸೀಮ್ಯಾಗ ಸೋಮವಾರ ಯಾವ ಎತ್ತಿನ ಹೆಗಲ ಮ್ಯಾಗ ನೊಗ ಇಟ್ಟಾರ ಹೇಳ್ರಿ? ವಾರಾ ವಾರಾ ಇಲ್ಲೇ ತಂದು ಮೈ ತೊಳೀತೀವಿ, ಈ ಕಮಾನಿನ ನೆಳ್ಳಾಗ ಮಲಗ್ತೀವಿ, ನೀವು ಸೋಮವಾರ ಕಚೇರಿಗಿ ಹೋಗಿರ್ತೀರಿ, ನೋಡಿರಕ್ಕಿಲ್ಲ" ಎನ್ನುತ್ತ ದ್ಯಾವಪ್ಪ ಒದ್ದೆ ಕೈಯಿಂದ ಮೇಲೆ ತೋರಿಸಿದ. ನೆತ್ತಿಯ ಸಾಲಿನ ಸಂದಿನಲ್ಲಿ ಹೊಸದಾಗಿ ಕೆತ್ತಿದ ಬೇವಿನ ಬೆಣೆಗಳು ಹಳದಿಯಾಗಿ ಎದ್ದು ಕಾಣುತ್ತಿದ್ದವು. "ಹೋದ ಸೋಮವಾರ ಇವು ಇರಲಿಲ್ರಿ. ಇವತ್ತು ಮಲಗಿ ಮ್ಯಾಲ ನೋಡಿದ್ರ ಗಚ್ಚೇ ಇಲ್ಲ, ಬರೇ ಕಟಗಿ! ನಾಳಿ ನಮ್ಮ ಗಾಡಿ ಹಾದಿದ್ರ ನಾನೂ ಉಳೀತಿರಲಿಲ್ಲ, ನನ್ನ ಎತ್ತೂ ಉಳೀತಿರಲಿಲ್ಲ. ಆಗಳೇ ಪೊಲೀಸ್ರಿಗಿ ಹೇಳಿ ಕಳಿಸೀವ್ರಿ. ಅಲ್ರಿ ಗೌಡ್ರ, ಈ ಕಮಾನಿನ ಕೆಳಗ ದಿನಾ ನಿಂತು ಕೆಲಸ ಮಾಡಾವ್ರು ನೀವೊಬ್ಬರೇ, ನಿಮ್ಮ ಕಣ್ಣಿಗಿ ಇದು ಹೆಂಗ ಬಿದ್ದಿಲ್ರಿ?" ಕೇಳಿದವನ ಮುಖದಲ್ಲಿ ಕಪಟವಿರಲಿಲ್ಲ, ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಪಂಪಣ್ಣ ಮೊದಲು ಬೆಣೆಗಳನ್ನು ನೋಡಿದ, ಆಮೇಲೆ ನಿಧಾನವಾಗಿ ತಿರುಗಿ ಖಂಡಪ್ಪಗೌಡನ ಮುಖವನ್ನು ನೋಡಿದ.